1960ರ ದಶಕದ ಅಡುಗೆಮನೆ ಇವತ್ತಿನ ಮನೆಯಲ್ಲಿ: ನೆಲದಿಂದ ಶುರು ಮಾಡಿ

ಬೆಂಗಳೂರಿನ ಜಯನಗರ, ರಾಜಾಜಿನಗರ, ಮೈಸೂರಿನ ಸರಸ್ವತಿಪುರಂ ಕಡೆ 1950-60ರ ದಶಕಗಳಲ್ಲಿ ಎದ್ದ ಮನೆಗಳ ಅಡುಗೆಮನೆಗೆ ತನ್ನದೇ ಚಹರೆಯಿತ್ತು. ಕಾಲಿಗೆ ತಣ್ಣಗೆ ತಾಗುವ ಕೆಂಪು ನೆಲ, ಕರಿ ಕಡಪ ಕಲ್ಲಿನ ಕಟ್ಟೆ, ಎದೆಮಟ್ಟದವರೆಗೆ ಹೊಳಪಿನ ಆಯಿಲ್ ಪೇಂಟ್, ಅದರ ಮೇಲೆ ಸುಣ್ಣ, ಮೂಲೆಯಲ್ಲಿ ಹಾಲು-ಮೊಸರಿಗೆ ಜಾಲರಿ ಬಾಗಿಲಿನ ಕಪಾಟು. 1958ರಲ್ಲಿ ಗೋದ್ರೆಜ್ ಕಂಪನಿ ದೇಶದಲ್ಲೇ ತಯಾರಾದ ಫ್ರಿಜ್ ತಂದಿತು. ಅದರ ಹಿಂದೆಯೇ ಪ್ರೆಷರ್ ಕುಕ್ಕರ್, ಸ್ಟೀಲ್ ಪಾತ್ರೆ, ಸನ್‌ಮೈಕಾ ಅಂಟಿಸಿದ ಮೇಜು ಒಂದೊಂದಾಗಿ ಒಳಗೆ ಬಂದವು. ಕಲ್ಲು-ಹಿತ್ತಾಳೆಯ ಜೊತೆಯಲ್ಲೇ ಸ್ಟೀಲು-ಸನ್‌ಮೈಕಾ ಬಾಳಿದ ಆ ಇಪ್ಪತ್ತು ವರ್ಷದ ಅಡುಗೆಮನೆಯನ್ನು ಈಗ ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ಹೇಳಿದ್ದೇವೆ.

ಹೆಚ್ಚಿನವರು ಇದನ್ನು ಹಿಂದುಮುಂದಾಗಿ ಮಾಡುತ್ತಾರೆ. ಮೊದಲು ಹಳೇ ರೇಡಿಯೊ, ತಗಡಿನ ಡಬ್ಬ, ಗೋಡೆ ಗಡಿಯಾರ ಕೊಂಡು ತಂದು, ಹೊಳೆಯುವ ದೊಡ್ಡ ಬಿಳಿ ಟೈಲ್ಸಿನ ನಡುವೆ ಜೋಡಿಸುತ್ತಾರೆ. ಅದು ಗುಜರಿ ಅಂಗಡಿಯ ಹಾಗೆ ಕಾಣುತ್ತದೆಯೇ ಹೊರತು ಅಡುಗೆಮನೆಯ ಹಾಗಲ್ಲ. ಆ ಕಾಲದ ಚೆಲುವು ಇರುವುದು ನೆಲ, ಗೋಡೆಯ ಮೇಲಿನ ಒಂದು ಗೆರೆ ಮತ್ತು ಕಪಾಟಿನ ಬಾಗಿಲುಗಳಲ್ಲಿ. ಈ ಮೂರು ಸರಿಯಾದರೆ ಸಾಮಾನು ನಾಲ್ಕೇ ಇದ್ದರೂ ಸಾಕು. ಕಪ್ಪು-ಬಿಳುಪು ಚೌಕದ ನೆಲ, ಕ್ರೋಮ್ ಕಾಲಿನ ಎತ್ತರದ ಸ್ಟೂಲು ಅಮೆರಿಕದ ಅಡುಗೆಮನೆಗೆ ಸೇರಿದ್ದು. ಅದಕ್ಕೂ ಅದರದೇ ಅಂದವಿದೆ, ಆದರೆ ಎರಡನ್ನೂ ಒಂದೇ ಕೋಣೆಯಲ್ಲಿ ಬೆರೆಸಬೇಡಿ.

ನೆಲ

ಕಾಲಕ್ಕೆ ಒಪ್ಪುವ ನೆಲಗಳು ಎರಡು: ರೆಡ್ ಆಕ್ಸೈಡ್ ಮತ್ತು ಮೊಸಾಯಿಕ್. ಅಡುಗೆಮನೆಗೆ ನಮ್ಮ ಮೊದಲ ಆಯ್ಕೆ ರೆಡ್ ಆಕ್ಸೈಡ್. ವರ್ಷ ಕಳೆದಷ್ಟೂ ಚೆನ್ನಾಗುವ ನೆಲ ಅದು. ಆದರೆ ಗಾರೆಯವರ ಕೈ ಪಳಗಿರಬೇಕು. ಅವರು ಮಾಡಿದ ನೆಲವೊಂದನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ.

ಮೊದಲು ಎತ್ತರ ಅಳೆಯಿರಿ. ಈ ನೆಲಕ್ಕೆ ಒಂದೂಕಾಲು ಇಂಚಾದರೂ ದಪ್ಪ ಬೇಕು. ಈಗಿರುವ ಟೈಲ್ಸಿನ ಮೇಲೆಯೇ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನುಣುಪು ಮೈಗೆ ಗಾರೆ ಕಚ್ಚುವುದಿಲ್ಲ; ಸ್ವಲ್ಪ ದಿನದಲ್ಲೇ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಆಮೇಲೆ ಸಿಬಿರೇಳುತ್ತದೆ. ಟೈಲ್ಸ್ ಮತ್ತು ಅದರ ಕೆಳಗಿನ ಗಾರೆಯನ್ನು ಕಿತ್ತರೆ ಸಾಮಾನ್ಯವಾಗಿ ಎರಡು ಇಂಚು ಸಿಗುತ್ತದೆ. ಫ್ಲ್ಯಾಟಿನಲ್ಲಾದರೆ ಕೀಳುವಾಗ ಕೆಳಗಿನ ವಾಟರ್‌ಪ್ರೂಫಿಂಗ್ ಪದರಕ್ಕೆ ಪೆಟ್ಟಾಗಿದೆಯೇ ನೋಡಿ. ಆಗಿದ್ದರೆ ಅದನ್ನು ಸರಿಮಾಡಿ, ಒಂದು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯ ಛಾವಣಿ ಒಣಗಿಯೇ ಇದೆ ಎಂದು ಖಾತ್ರಿಯಾದ ಮೇಲೆ ಮುಂದುವರಿಯಿರಿ.

ಎಂಟು ಅಡಿಗೆ ಹತ್ತಡಿಯ ಅಡುಗೆಮನೆಗೆ ಬೇಕಾಗುವುದು ಇಷ್ಟು: ಕೆಳಗಿನ ಒಂದು ಇಂಚಿನ ಗಾರೆಗೆ ಎರಡು ಮೂಟೆ ಸಿಮೆಂಟು, ಏಳು ಘನ ಅಡಿ ಜರಡಿ ಹಿಡಿದ ಮರಳು, ಅಂದರೆ ಒಂದಕ್ಕೆ ಮೂರರ ಹದ. ಮೇಲಿನ ಕೆಂಪು ಪದರಕ್ಕೆ ಒಂದು ಮೂಟೆ ಸಿಮೆಂಟು, ನಾಲ್ಕರಿಂದ ಐದು ಕೆ.ಜಿ. ಕಾರ್ಖಾನೆಯಲ್ಲಿ ತಯಾರಾದ ಐರನ್ ಆಕ್ಸೈಡ್ ಪುಡಿ. ಬಣ್ಣ ಸಿಮೆಂಟಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಮೀರಿದರೆ ಕೆಂಪು ಹೆಚ್ಚುವುದಿಲ್ಲ, ನೆಲದ ಬಲ ಮಾತ್ರ ಕುಂದುತ್ತದೆ. ಒರೆಸಿದಾಗ ಬಟ್ಟೆಗೆ ಬಣ್ಣ ಹತ್ತುತ್ತದೆ. ಹಸಿರು ಅಥವಾ ಹಳದಿ ನೆಲ ಬೇಕಿದ್ದರೆ ಬಿಳಿ ಸಿಮೆಂಟು ಬಳಸಿ, ಬೂದು ಸಿಮೆಂಟಿನಲ್ಲಿ ಆ ಬಣ್ಣಗಳು ಕೊಳೆಯಾಗಿ ಕಾಣುತ್ತವೆ.

ಹಿಂದಿನ ರಾತ್ರಿ ಕಾಂಕ್ರೀಟಿಗೆ ಚೆನ್ನಾಗಿ ನೀರುಣಿಸಿ. ಬೆಳಿಗ್ಗೆ ನಿಂತ ನೀರನ್ನು ಒರೆಸಿ ತೆಗೆದು, ಸಿಮೆಂಟಿನ ತಿಳಿಯನ್ನು ಕಸಬರಿಕೆಯಿಂದ ಬಳಿಯಿರಿ. ಅದು ಒಣಗುವ ಮೊದಲೇ ಗಾರೆ ಬೀಳಬೇಕು. ನೀರು ಹೋಗುವ ಕಡೆಗೆ ಅಡಿಗೆ ಎಂಟನೇ ಒಂದು ಇಂಚಿನ ವಾಟ ಇರಲಿ. ರಸಮಟ್ಟ ಇಟ್ಟು ನೋಡಿ, ಕಣ್ಣಂದಾಜು ಬೇಡ. ಗಾರೆ ಹಾಕುವಾಗಲೇ ಗಾಜಿನ ಅಥವಾ ಹಿತ್ತಾಳೆಯ ಪಟ್ಟಿ ನಿಲ್ಲಿಸಿ ನೆಲವನ್ನು ಅಂಕಣಗಳಾಗಿ ಒಡೆಯಬೇಕು. ಯಾವ ಅಂಕಣವೂ ನಾಲ್ಕಡಿ ಮೀರದಿರಲಿ. ಎಂಟಕ್ಕೆ ಹತ್ತಡಿಯ ಕೋಣೆಯಲ್ಲಿ ಆರು ಅಂಕಣ ಸರಿಹೋಗುತ್ತದೆ. ಹಳೇ ಮನೆಗಳಲ್ಲಿ ಈ ಗೆರೆಗಳನ್ನು ಅಲಂಕಾರಕ್ಕೆಂದು ಹಾಕಿದ್ದಲ್ಲ. ಸಿಮೆಂಟು ಒಣಗುತ್ತ ಕುಗ್ಗುತ್ತದೆ. ಬಿರುಕು ಬಿಡುವುದೇ ಆದರೆ ಪಟ್ಟಿಯ ಪಕ್ಕದಲ್ಲಿ ಬಿಡಲಿ, ಅಂಕಣದ ನಡುವೆ ಬೇಡ ಎಂಬ ಲೆಕ್ಕ ಅದು.

ಕೆಂಪು ಪದರದ ಸಿಮೆಂಟು ಮತ್ತು ಬಣ್ಣವನ್ನು ಒಣದಾಗಿಯೇ ಬೆರೆಸಿ ಮೂರು ಸಲ ಜರಡಿ ಹಿಡಿಯಿರಿ. ಇಡೀ ಮೂಟೆಯನ್ನು ಒಂದೇ ಸಲ ಬೆರೆಸಿಟ್ಟು, ಬೇಕಾದಷ್ಟಕ್ಕೆ ಮಾತ್ರ ನೀರು ಹಾಕುತ್ತ ಹೋಗಿ. ಬುಟ್ಟಿ ಬುಟ್ಟಿಯಾಗಿ ಬೇರೆ ಬೇರೆ ಬೆರೆಸಿದರೆ ಅಂಕಣಕ್ಕೊಂದು ಬಣ್ಣ ಬರುತ್ತದೆ. ಹದ ಇಡ್ಲಿ ಹಿಟ್ಟಿನಷ್ಟಿರಲಿ, ದೋಸೆ ಹಿಟ್ಟಿನಷ್ಟು ತೆಳುವಾಗಬಾರದು. ಕೆಳಗಿನ ಗಾರೆಗೆ ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಬೆರಳು ಇಳಿಯಬಾರದು. ಕೆಂಪು ಹಾಕುವ ಹೊತ್ತು ಅದೇ. ದಪ್ಪ ಮೂರು ಮಿ.ಮೀ. ಸಾಕು. ಮೇಲಿನ ನೀರಿನ ಹೊಳಪು ಆರಿದ ಮೇಲೆ ಉಕ್ಕಿನ ಕರಣೆಯಿಂದ ಒತ್ತಿ ಎಳೆಯಬೇಕು. ಅರ್ಧ-ಮುಕ್ಕಾಲು ಗಂಟೆ ಬಿಟ್ಟು ಮತ್ತೊಮ್ಮೆ, ಹಾಗೇ ಮೂರು ಸುತ್ತು. ಕೊನೆಯ ಸುತ್ತಿನಲ್ಲಿ ಕರಣೆ ಗಂಟೆಯಂತೆ ಸಣ್ಣಗೆ ದನಿ ಮಾಡುತ್ತದೆ, ನೆಲದಲ್ಲಿ ಕಿಟಕಿಯ ನೆರಳು ಕಾಣತೊಡಗುತ್ತದೆ.

ಇಲ್ಲಿ ಕೆಡುವುದು ಹೀಗೆ. ನೀರು ಹೆಚ್ಚಾಯಿತೆಂದು ಮೇಲೆ ಒಣ ಸಿಮೆಂಟು ಉದುರಿಸಿದರೆ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಬರುತ್ತವೆ. ನೀರಿನ ಹೊಳಪು ಆರುವ ಮೊದಲೇ ಕರಣೆ ಎಳೆದರೂ ಅದೇ ಗತಿ. ಬಿಸಿಲು, ಗಾಳಿ, ಫ್ಯಾನು ತಾಗಿದರೆ ಮೇಲ್ಮೈ ಒಳಗಿಗಿಂತ ಬೇಗ ಒಣಗಿ ಸೀಳುತ್ತದೆ. ಕಿಟಕಿಗೆ ಒದ್ದೆ ಗೋಣಿ ಕಟ್ಟಿ. ಮಾರ್ಚಿ-ಏಪ್ರಿಲ್‌ನಲ್ಲಿ ಮಾಡಿಸುವುದಾದರೆ ಕೆಂಪು ಪದರ ಮಧ್ಯಾಹ್ನದ ಬಿಸಿಲಿಗೆ ಸಿಗದ ಹಾಗೆ ಹೊತ್ತು ಹೊಂದಿಸಿಕೊಳ್ಳಿ.

ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಬಾಗಿಲಿಗೆ ಮಣ್ಣಿನ ಒಡ್ಡು ಕಟ್ಟಿ ಒಂದು ಇಂಚು ನೀರು ನಿಲ್ಲಿಸಿ. ಕಡಿಮೆಯೆಂದರೆ ಏಳು ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ ಹತ್ತು ದಿನ. ನೀರು ತೆಗೆದ ಮೇಲೆ ಬಿಳಿ ಪುಡಿ ಕಾಣಿಸಿದರೆ ಗಾಬರಿ ಬೇಡ, ಅದು ಸಿಮೆಂಟಿನ ಸುಣ್ಣ ಮೇಲೆದ್ದಿರುವುದು. ಒಣ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನಾಲ್ಕಾರು ಸಲಕ್ಕೆ ನಿಲ್ಲುತ್ತದೆ. ಆಸಿಡ್ ಹಾಕಿದರೆ ಬಿಳುಪಿನ ಜೊತೆಗೆ ಹೊಳಪೂ ಹೋಗುತ್ತದೆ. ತಿಂಗಳು ತುಂಬಿದ ಮೇಲೆ ಅಂಕಣಕ್ಕೆ ಎರಡು ಚಮಚದಷ್ಟು ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಪಂಚೆಯಿಂದ ಎಣ್ಣೆ ಕೈಗೆ ಹತ್ತದಷ್ಟು ತಿಕ್ಕಿ. ಎಣ್ಣೆ ಹೆಚ್ಚಾದರೆ ನೆಲ ಅಂಟಂಟಾಗಿ ಧೂಳು ಹಿಡಿಯುತ್ತದೆ, ಜಾರುತ್ತದೆ ಕೂಡ. ಅದೇ ಬಣ್ಣದ ಪುಡಿ ಅರ್ಧ ಕೆ.ಜಿ.ಯನ್ನು ಡಬ್ಬದಲ್ಲಿ ಮುಚ್ಚಿಡಿ. ಮುಂದೊಂದು ದಿನ ನಲ್ಲಿ ಪೈಪಿಗಾಗಿ ನೆಲ ಒಡೆದರೆ ಅದೇ ಕೆಂಪು ಅಂಗಡಿಯಲ್ಲಿ ಸಿಗುವುದಿಲ್ಲ.

ಮೊಸಾಯಿಕ್ ಬೇಕೆನ್ನುವವರಿಗೆ ಕಲ್ಲಿನ ಚಿಪ್ಸ್ ಹಾಕಿದ ಸಿಮೆಂಟ್ ಟೈಲ್ಸ್ ಈಗಲೂ ಸಿಗುತ್ತದೆ. ಹತ್ತನೇ ಒಂದು ಭಾಗ ಹೆಚ್ಚಿಗೆ ಕೊಳ್ಳಿ. ಕೂರಿಸಿ ಏಳು ದಿನವಾದ ಮೇಲೆ ಯಂತ್ರದಿಂದ ಮೂರು ಸುತ್ತು ಉಜ್ಜಿಸಬೇಕು: ಮೊದಲು ಒರಟು ಕಲ್ಲು, ಆಮೇಲೆ ನಡುವಿನದು, ಕೊನೆಗೆ ನುಣುಪಿನದು. ಉಜ್ಜುವಾಗ ಬರುವ ಕೆಸರನ್ನು ನಾಲೆಗೆ ಬಿಡಕೂಡದು, ಅದು ಪೈಪಿನೊಳಗೆ ಸಿಮೆಂಟಿನಂತೆಯೇ ಗಟ್ಟಿಯಾಗುತ್ತದೆ; ಬಕೆಟ್ಟಿನಲ್ಲಿ ತುಂಬಿ ಹೊರಗೆ ಹಾಕಿಸಿ. ಇವೆರಡೂ ಆಗದ ಬಾಡಿಗೆ ಮನೆಯವರು ನೆಲವನ್ನು ಇದ್ದಂತೆಯೇ ಬಿಟ್ಟು ಮುಂದಿನ ಕೆಲಸಕ್ಕೆ ಹೋಗಬಹುದು.

ಗೋಡೆಯ ಗೆರೆ

ಅರ್ಧ ಗೋಡೆಗೆ ಆಯಿಲ್ ಪೇಂಟ್, ಮೇಲರ್ಧಕ್ಕೆ ಸುಣ್ಣ ಅಥವಾ ಡಿಸ್ಟೆಂಪರ್, ನಡುವೆ ಅರ್ಧ ಇಂಚಿನ ಗಾಢ ಬಣ್ಣದ ಗೆರೆ. ಖರ್ಚು ಅತಿ ಕಡಿಮೆ, ಫಲ ಅತಿ ಹೆಚ್ಚು ಇರುವ ಕೆಲಸ ಇದೇ. ಗೆರೆ ನೆಲದಿಂದ ನಾಲ್ಕಡಿಗೆ ಬರಲಿ. ಕಟ್ಟೆಯ ಮಟ್ಟಕ್ಕೇ ಎಳೆದರೆ ಗೋಡೆ ಕುಳ್ಳಾಗಿ ಕಾಣುತ್ತದೆ. ಕೆಳಗೆ ಪಿಸ್ತಾ ಹಸಿರು, ತಿಳಿ ಆಕಾಶ ನೀಲಿ ಅಥವಾ ಕೆನೆ ಬಣ್ಣ, ಮೇಲೆ ಬಿಳಿ. ಕೆಂಪು ನೆಲಕ್ಕೆ ಪಿಸ್ತಾ ಹಸಿರಿನಷ್ಟು ಒಪ್ಪುವ ಬಣ್ಣ ಬೇರಿಲ್ಲ. ಗೆರೆಗೆ ನೆಲದ ಕೆಂಪನ್ನೇ ಕೊಡಿ, ಕೋಣೆ ಒಂದಾಗುತ್ತದೆ.

ಹೊಸ ಸಿಮೆಂಟ್ ಗೋಡೆಗೆ ಅವಸರದಲ್ಲಿ ಆಯಿಲ್ ಪೇಂಟ್ ಬಳಿದರೆ ಅದು ಒಣಗದೆ ಅಂಟಂಟಾಗಿ ಉಳಿಯುತ್ತದೆ, ಕೆಲವು ಕಡೆ ಸಾಬೂನಿನ ಹಾಗೆ ಮೆತ್ತಗಾಗುತ್ತದೆ. ನಿಜಕ್ಕೂ ಸಾಬೂನೇ ಆಗಿರುತ್ತದೆ: ಸಿಮೆಂಟಿನ ಕ್ಷಾರ ಪೇಂಟಿನೊಳಗಿನ ಎಣ್ಣೆಯನ್ನು ಸಾಬೂನು ಮಾಡುತ್ತದೆ. ಗಾರೆ ಪೂರ್ತಿ ಒಣಗಲು ಬಿಡಿ, ಕ್ಷಾರ ತಡೆಯುವ ಸಿಮೆಂಟ್ ಪ್ರೈಮರ್ ಒಂದು ಕೋಟು ಹಾಕಿ, ಆಮೇಲೆ ಎರಡು ಕೋಟು ಸ್ಯಾಟಿನ್ ಎನಾಮೆಲ್. ಕೋಟುಗಳ ನಡುವೆ ಒಂದು ರಾತ್ರಿ ಬಿಟ್ಟು, ಸಣ್ಣ ಉಪ್ಪು ಕಾಗದ ಹಗುರವಾಗಿ ಹಾಯಿಸಿ. ಹಳೇ ಡಿಸ್ಟೆಂಪರಿನ ಮೇಲೆ ನೇರವಾಗಿ ಬಳಿದರೆ ಹಪ್ಪಳದಂತೆ ಎದ್ದು ಬರುತ್ತದೆ, ಕೆರೆದು ತೆಗೆಯಲೇಬೇಕು. ಗೆರೆಗೆ ಮೊದಲು ನೀರಿನ ಟ್ಯೂಬಿನಿಂದ ಮಟ್ಟ ಗುರುತಿಸಿ, ಸುಣ್ಣದ ದಾರ ಬಡಿದು, ಎರಡೂ ಬದಿಗೆ ಟೇಪ್ ಅಂಟಿಸಿ. ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪ್ ಎಳೆಯಿರಿ, ಇಲ್ಲವಾದರೆ ಅಂಚು ಹಲ್ಲುಹಲ್ಲಾಗುತ್ತದೆ.

ಹಳೇ ಮನೆಯಲ್ಲೇ ಈ ಕೆಲಸ ಮಾಡುತ್ತಿದ್ದರೆ ಒಂದು ಎಚ್ಚರ: ಆ ಕಾಲದ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಹಳೇ ಬಾಗಿಲು, ಕಿಟಕಿಯನ್ನು ಒಣದಾಗಿ ಉಜ್ಜಬೇಡಿ, ಯಂತ್ರ ಹಚ್ಚಲೇಬೇಡಿ. ನೀರು ಚಿಮುಕಿಸುತ್ತ ವಾಟರ್ ಪೇಪರಿನಲ್ಲಿ ಉಜ್ಜಿ, ಕೆಸರನ್ನು ಒರೆಸಿ ಕಟ್ಟಿ ಎಸೆಯಿರಿ. ಮಕ್ಕಳೂ ಬಸುರಿಯರೂ ಆ ದಿನಗಳಲ್ಲಿ ಬೇರೆ ಕಡೆ ಇರಲಿ.

ಒಲೆ, ಸಿಂಕಿನ ಹಿಂದೆ ಆರಿಂಚಿನ ಚೌಕ ಬಿಳಿ ಗ್ಲೇಜ್ ಟೈಲ್ಸ್, ಕಟ್ಟೆಯಿಂದ ಎರಡಡಿ ಎತ್ತರಕ್ಕೆ. ಎಂಟಡಿ ಉದ್ದಕ್ಕೆ 64 ಬೇಕು, ಒಡೆಯುವುದಕ್ಕೂ ಸೇರಿಸಿ 70 ತನ್ನಿ. ಸಾಲಿಗೆ ಸಾಲು ನೇರವಾಗಿ ಜೋಡಿಸಿ, ಇಟ್ಟಿಗೆ ಕಟ್ಟಿನಂತೆ ಅಲ್ಲ.

ಕಟ್ಟೆ

ಕಡಪ ಕಲ್ಲು ಪದರಪದರವಾಗಿ ಆದ ಸುಣ್ಣಕಲ್ಲು. ಆರಿಸುವಾಗ ನಾಣ್ಯದಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಠಣ್ ಎನ್ನುವ ಬದಲು ಮಂಕಾಗಿ ಕೇಳಿಸಿದ ಕಡೆ ಒಳಗೆ ಸೀಳಿರುತ್ತದೆ. ಅಗಲ 24 ಇಂಚು, ಎತ್ತರ 32ರಿಂದ 33, ಮುಂದಿನ ಅಂಚು ಅರ್ಧ ದುಂಡಗೆ. ಅಂಚಿನ ಅಡಿಯಲ್ಲಿ, ಮುಂದಿನಿಂದ ಒಂದು ಇಂಚು ಒಳಗೆ, ಸಣ್ಣ ಕಾಲುವೆ ಕೊರೆಸಿ. ಇಲ್ಲದಿದ್ದರೆ ಚೆಲ್ಲಿದ ನೀರು ಕಲ್ಲಿನ ಅಡಿ ಹಿಡಿದುಕೊಂಡೇ ಹೋಗಿ ಕಪಾಟಿನೊಳಕ್ಕೆ ಇಳಿಯುತ್ತದೆ. ನಿಂಬೆ, ಹುಣಿಸೆ, ಮೊಸರು ಬಿದ್ದು ಹಾಗೇ ಉಳಿದರೆ ಕಲೆ ಬೀಳುತ್ತದೆ, ಏಕೆಂದರೆ ಹುಳಿ ಸುಣ್ಣಕಲ್ಲನ್ನು ತಿನ್ನುತ್ತದೆ. ಕೂಡಲೇ ಒರೆಸುವ ಅಭ್ಯಾಸ ಮನೆಯಲ್ಲಿ ಇಲ್ಲವೆಂದಾದರೆ ಹೊಳಪು ಕೊಡದ ಕರಿ ಗ್ರಾನೈಟೇ ವಾಸಿ. ಕಲ್ಲಿನಲ್ಲಿ ತೂತು ಕೊರೆದು ಒಲೆ ಇಳಿಸುವುದು ಬೇಡ. ಮೇಲಿಡುವ ಎರಡು ಬರ್ನರಿನ ಸ್ಟೀಲ್ ಒಲೆ ಕಾಲಕ್ಕೂ ಒಪ್ಪುತ್ತದೆ, ಕಲ್ಲೂ ಉಳಿಯುತ್ತದೆ.

ಬಾಗಿಲುಗಳು

ಕಟ್ಟೆಯ ಕೆಳಗೆ ಸಿಲಿಂಡರ್ ಇದ್ದರೆ ಅದರ ಬಾಗಿಲು ಜಾಲರಿಯದೇ ಆಗಿರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ತೇಗದ ಚೌಕಟ್ಟಿಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಎಳೆದು ಕಟ್ಟಿ, ನೆಲದಿಂದ ಒಂದು ಇಂಚು ಸಂದು ಬಿಡಿ. ಹಾಲಿನ ಕಪಾಟಿಗೆಂದು ಹುಟ್ಟಿದ ಬಾಗಿಲು ಇಲ್ಲಿ ಜೀವ ಕಾಯುವ ಕೆಲಸ ಮಾಡುತ್ತದೆ.

ಮೇಲಿನ ಕಪಾಟುಗಳಿಗೆ ಜಾರುವ ಬಾಗಿಲು ಮಾಡಿಸಿ. ಆ ಕಾಲದ ಕೈಕೆಲಸದ ಸೊಗಸು ಇದರಲ್ಲಿದೆ: ಹಿಂಜು ಇಲ್ಲ, ಹಿಡಿ ಇಲ್ಲ, ಚಕ್ರವಿಲ್ಲ. ಮರದ ಪಟ್ಟಿಯಲ್ಲಿ ಗಾಡಿ, ಅಂದರೆ ಉದ್ದದ ತೋಡು, ಕೊರೆದು, ಅದರಲ್ಲಿ ಬಾಗಿಲು ನಿಂತಿರುತ್ತದೆ. ಆರು ಮಿ.ಮೀ. ಪ್ಲೈವುಡ್ಡಿನ ಎರಡೂ ಬದಿಗೆ ಒಂದೊಂದು ಮಿ.ಮೀ. ಸನ್‌ಮೈಕಾ ಅಂಟಿಸಿದರೆ ದಪ್ಪ ಎಂಟು ಮಿ.ಮೀ. ಆಗುತ್ತದೆ, ಗಾಡಿಯ ಅಗಲ ಹತ್ತು ಮಿ.ಮೀ. ಇರಲಿ. ಕೆಳಗಿನ ಗಾಡಿ ಆರು ಮಿ.ಮೀ. ಆಳ, ಮೇಲಿನದು ಹನ್ನೆರಡು. ಎರಡು ಪಟ್ಟಿಗಳ ನಡುವಿನ ಎತ್ತರವನ್ನು ಅಳೆದು, ಅದಕ್ಕೆ ಹತ್ತು ಮಿ.ಮೀ. ಸೇರಿಸಿದರೆ ಬಾಗಿಲಿನ ಎತ್ತರ. ಬಾಗಿಲನ್ನು ಮೇಲಿನ ಗಾಡಿಗೆ ಪೂರ್ತಿ ಏರಿಸಿ, ಕೆಳಗಿನದರ ಮೇಲೆ ತಂದು ಇಳಿಸಿದರೆ ಕೂರುತ್ತದೆ. ಕೂತ ಮೇಲೆ ಮೇಲ್ಗಡೆ ನಾಲ್ಕು ಮಿ.ಮೀ. ಹಿಡಿತ ಉಳಿಯುತ್ತದೆ. ತೊಳೆಯಬೇಕೆಂದಾಗ ಎತ್ತಿ ತೆಗೆದರಾಯಿತು. ಎರಡೂ ಗಾಡಿಗಳ ಆಳ ಒಂದೇ ಮಾಡಿದ ಬಡಗಿ ಕೊನೆಗೆ ಚೌಕಟ್ಟನ್ನೇ ಬಿಚ್ಚಬೇಕಾಗುತ್ತದೆ.

ಮೂರಡಿ ಅಗಲದ ಕಪಾಟಿಗೆ ಹದಿನೆಂಟು ಮುಕ್ಕಾಲು ಇಂಚಿನ ಎರಡು ಬಾಗಿಲು, ಆಗ ಒಂದರ ಮೇಲೊಂದು ಒಂದೂವರೆ ಇಂಚು ಹಾಯುತ್ತದೆ. ಎತ್ತರ ಅಗಲಕ್ಕಿಂತ ತುಂಬಾ ಹೆಚ್ಚಾದರೆ ಬಾಗಿಲು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಇಂಥ ಕಪಾಟು ಅಡ್ಡಕ್ಕೆ ಉದ್ದವಾಗಿರಬೇಕು. ಹಿಡಿಯ ಬದಲು ಮೂವತ್ತು ಮಿ.ಮೀ. ಅಗಲದ ದುಂಡು ತೂತು, ಹೊರ ಅಂಚಿನಿಂದ ಎರಡು ಇಂಚು ಒಳಗೆ. ಗಾಡಿಗೆ ಎಣ್ಣೆ ಹಾಕಬೇಡಿ, ಧೂಳು ಕೂಡಿ ಅಂಟಾಗುತ್ತದೆ. ಮೇಣದಬತ್ತಿ ತಿಕ್ಕಿ.

ಸನ್‌ಮೈಕಾ ಒಂದೇ ಬದಿಗೆ ಅಂಟಿಸಿದ ಬಾಗಿಲು ಮೊದಲ ಮಳೆಗಾಲದಲ್ಲೇ ಬಿಲ್ಲಾಗುತ್ತದೆ. ಅಂಟಿಸದ ಬದಿ ತೇವ ಹೀರಿ ಹಿಗ್ಗುತ್ತದೆ, ಇನ್ನೊಂದು ಬದಿ ಹಿಗ್ಗುವುದಿಲ್ಲ. ಕೆಳಗಿನ ದೊಡ್ಡ ಬಾಗಿಲುಗಳಿಗೆ 18 ಮಿ.ಮೀ. ಪ್ಲೈವುಡ್, ಸಿಂಕಿನ ಸುತ್ತ ನೀರಿಗೆ ತಾಳುವ ಪ್ಲೈವುಡ್ಡಿನ ಗುರುತಾದ ಐಎಸ್ 710 ಮುದ್ರೆಯಿರುವುದು. ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಬೇಡ, ಆರು ಮಿ.ಮೀ. ತೇಗದ ಪಟ್ಟಿ ಹೊಡೆಸಿ. ಬಣ್ಣದ ಹಲಗೆಯ ಸುತ್ತ ಆ ತೆಳು ಮರದ ಗೆರೆ ಕಂಡರೆ ಸಾಕು, ಯಾವ ಕಾಲದ್ದೆಂದು ಕಣ್ಣಿಗೆ ತಿಳಿಯುತ್ತದೆ. ಬಾಗಿಲಿನ ಮೇಲೆ ಕೆತ್ತನೆ, ಉಬ್ಬುಪಟ್ಟಿ ಯಾವುದೂ ಬೇಡ. ಬಣ್ಣ ಒಂದೇ ಇರಲಿ.

ಬೆಳಕು ಮತ್ತು ಸ್ವಿಚ್ಚು

ಹಾಲುಬಿಳಿ ಗಾಜಿನ ಗುಂಡು ದೀಪ ಒಂದು ನಡುವೆ, ಕಟ್ಟೆಯ ಮೇಲೆ ಇನ್ನೊಂದು. ಎಲ್‌ಇಡಿ ಬಲ್ಬೇ ಹಾಕಿ, ಹಳದಿ ಬೆಳಕಿನ 2700 ಕೆಲ್ವಿನ್‌ನದು. 9 ವ್ಯಾಟಿನದು ಹಳೇ 60 ವ್ಯಾಟ್ ಬಲ್ಬಿನಷ್ಟು ಬೆಳಕು ಕೊಡುತ್ತದೆ. ಪೆಟ್ಟಿಗೆಯ ಮೇಲೆ ಸಿಆರ್‌ಐ 90 (ಬಣ್ಣಗಳನ್ನು ಇದ್ದಂತೆಯೇ ತೋರಿಸುವ ಗುಣದ ಅಂಕ) ಎಂದು ಇರುವುದನ್ನು ಹುಡುಕಿ. ನೀಲಿ-ಬಿಳಿ ಬೆಳಕಿನ ಕೆಳಗೆ ಅಷ್ಟು ಕಷ್ಟಪಟ್ಟು ಮಾಡಿದ ಕೆಂಪು ನೆಲ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಮರದ ಗುಂಡು ಹಲಗೆಯ ಮೇಲಿನ ದುಂಡು ಬೇಕಲೈಟ್ ಸ್ವಿಚ್ಚುಗಳು ಚೆಂದ, ಆದರೆ ಅವು ದೀಪಕ್ಕೆ ಮಾತ್ರ. ಮಿಕ್ಸಿ, ಫ್ರಿಜ್, ಓವನ್ನಿಗೆ ಈಗಿನ ಅರ್ಥ್ ಇರುವ ಸಾಕೆಟ್ಟೇ ಬೇಕು. ಹಳೇ ಮನೆಯ ರಬ್ಬರ್ ಹೊದಿಕೆಯ ತಂತಿ ಪಟ್ಟಿಯ ಮೇಲೆ ಎಷ್ಟೇ ನೇರವಾಗಿ ಕೂತಿದ್ದರೂ ಉಳಿಸಿಕೊಳ್ಳಬೇಡಿ, ಮುಟ್ಟಿದರೆ ಹೊದಿಕೆ ಪುಡಿಯಾಗಿ ಉದುರುತ್ತದೆ. ಪಟ್ಟಿ ಇರಲಿ, ಅದರ ಮೇಲೆ ಹೊಸ ತಂತಿ ಎಳೆಸಿ, ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಹಾಕಿಸಿ. ಹೊಗೆಗೆ ವೆಂಟಿಲೇಟರಿನಲ್ಲಿ ಹನ್ನೆರಡು ಇಂಚಿನ ಎಕ್ಸಾಸ್ಟ್ ಫ್ಯಾನು ಸಾಕು, ಎದುರು ಬದಿಯಿಂದ ಗಾಳಿ ಒಳಗೆ ಬರಲು ದಾರಿ ಇದ್ದರೆ. ಬಾಗಿಲು-ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನು ಸದ್ದು ಮಾತ್ರ ಮಾಡುತ್ತದೆ.

ಸಾಮಾನು

ಈಗ ಸಾಮಾನಿನ ಸರದಿ. ಉಪ್ಪಿನಕಾಯಿಯ ಜಾಡಿ, ಹಿತ್ತಾಳೆಯ ಕಾಫಿ ಫಿಲ್ಟರು, ಸೇರು-ಪಾವು, ಒಂದೇ ಅಳತೆಯ ಸ್ಟೀಲ್ ಡಬ್ಬಗಳ ಸಾಲು. ಸೇರು-ಪಾವಿನ ಲೆಕ್ಕ 1950ರ ದಶಕದ ಕೊನೆಯಲ್ಲಿ ಮೆಟ್ರಿಕ್ ಅಳತೆ ಬಂದ ಮೇಲೆ ಅಂಗಡಿಯಿಂದ ಹೊರಬಿತ್ತು, ಅಡುಗೆಮನೆಯಲ್ಲಿ ಮಾತ್ರ ಅಕ್ಕಿ ಅಳೆಯುತ್ತ ಉಳಿಯಿತು. ನೀವೂ ಅದರಲ್ಲೇ ಅಳೆಯಿರಿ. ಬಣ್ಣ ಬಳಿದ ಹಳೇ ತಗಡಿನ ಡಬ್ಬಗಳಲ್ಲಿ ತಿನ್ನುವ ಪದಾರ್ಥ ಬೇಡ, ದಾರ-ಬೆಂಕಿಪೊಟ್ಟಣಕ್ಕೆ ಸರಿ. ಮೂಟೆ ಕಟ್ಟಿದಂತಿರುವ ಹಳೇ ಫ್ರಿಜ್ಜನ್ನು ದುರಸ್ತಿ ಮಾಡಿಸಿ ಓಡಿಸುವ ಆಸೆಯನ್ನು ಬಿಡಿ, ಕರೆಂಟು ನುಂಗುತ್ತದೆ. ಅದನ್ನು ಕಪಾಟಾಗಿ ಬಳಸುವುದಾದರೆ ಚಿಲಕ ಕಿತ್ತುಹಾಕಿ, ಒಳಗೆ ಮಗು ಸಿಕ್ಕಿಕೊಂಡರೆ ತೆರೆಯಲು ಬರುವುದಿಲ್ಲ. ಹೊಸ ಫ್ರಿಜ್ಜನ್ನು ಮರದ ಚೌಕಟ್ಟಿನೊಳಗೆ ಇಡುವುದಾದರೆ ಹಿಂದೆ-ಪಕ್ಕದಲ್ಲಿ ಎರಡು ಇಂಚು, ಮೇಲೆ ನಾಲ್ಕು ಇಂಚು ಖಾಲಿ ಬಿಡಿ.

ಹಿತ್ತಾಳೆ ಪಾತ್ರೆಯನ್ನು ಬರೀ ಜೋಡಿಸಿಡದೆ ಅಡುಗೆಗೂ ಬಳಸುವುದಾದರೆ ಕಲಾಯಿ ಹಾಕಿಸಲೇಬೇಕು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರ ಹಾಕಿ ಒರೆಸಿ, ತವರವನ್ನು ಕರಗಿಸಿ ಹತ್ತಿಯಿಂದ ಬಳಿಯುತ್ತಾರೆ. ಹಾಕಿಸಿ ತಂದ ಮೇಲೆ ಒಳಗೆಲ್ಲ ಒಂದೇ ಸಮ ಬೆಳ್ಳಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ತಂತಿಯ ಉಜ್ಜುಗ ತಾಗಿಸಬೇಡಿ, ತೆಂಗಿನ ನಾರಿನಿಂದ ತೊಳೆಯಿರಿ, ಖಾಲಿ ಪಾತ್ರೆಯನ್ನು ಉರಿಯ ಮೇಲೆ ಬಿಡಬೇಡಿ. ತಳದಲ್ಲಿ ಹಳದಿ ಇಣುಕಿದ ದಿನ ಸಾರು, ಗೊಜ್ಜು ನಿಲ್ಲಿಸಿ, ಪಾತ್ರೆಯನ್ನು ಮತ್ತೆ ಕಲಾಯಿಗೆ ಕೊಡಿ.